ಎಳ್ಳಮಾವಾಸ್ಯೆಯ ರಾತ್ರಿಗೆ ಎಷ್ಟು ಕರೆಂಟು ಬೇಕು?

ವಿಜಯಪುರದಲ್ಲಿ ಧ್ರುವ ನಕ್ಷತ್ರ ನೋಡೋಕೆ ಕತ್ತು ಎತ್ತಬೇಕಾಗಿಲ್ಲ. ಊರಿನ ಅಕ್ಷಾಂಶ ಸುಮಾರು 16.8 ಡಿಗ್ರಿ, ಹಾಗಾಗಿ ಧ್ರುವನೂ ಉತ್ತರದ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನಿಂತಿರುತ್ತಾನೆ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಸುಮಾರು 10 ಡಿಗ್ರಿ ಲೆಕ್ಕ. ಅಂದರೆ ನಮ್ಮೂರ ಧ್ರುವ ಎರಡು ಮುಷ್ಟಿಗೂ ಕಡಿಮೆ ಎತ್ತರದವನು. ಒಂದು ಬೇವಿನ ಗಿಡ, ಒಂದು ನೀರಿನ ಟ್ಯಾಂಕ್, ಎದುರು ಮನೆಯವರ ಎರಡನೇ ಮಹಡಿ ಸಾಕು, ಅವನನ್ನು ಮುಚ್ಚಿಬಿಡಲು.

ಇದು ಯಾಕೆ ಮುಖ್ಯ ಅಂದರೆ, ಟೆಲಿಸ್ಕೋಪ್ ಹೊತ್ತು ನಿಲ್ಲುವ ಮೌಂಟ್ ಧ್ರುವನನ್ನು ಗುರಿ ಮಾಡಿ ನಿಲ್ಲಬೇಕು. ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ. ಮೌಂಟ್ ಒಳಗಿನ ಮೋಟರ್ ಅದೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದರೆ ಗ್ರಹ ಕಣ್ಣ ಮುಂದೆ ನಿಂತಂತೆ ಇರುತ್ತದೆ. ಮೋಟರ್ ನಿಂತರೆ? 100 ಪಟ್ಟು ದೊಡ್ಡದು ಮಾಡಿ ತೋರಿಸುವ ಐಪೀಸ್‌ನಲ್ಲಿ ಶನಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡೇ ನಿಮಿಷದಲ್ಲಿ ದಾಟಿ ಹೋಗುತ್ತಾನೆ. ನಿಮಗೂ ನನಗೂ ಎರಡು ನಿಮಿಷ ಸಾಕು. ಮೊಣಕಾಲು ನೋವಿರುವ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿರುವ 81 ವರ್ಷದ ನಮ್ಮ ಆಯಿಗೆ ಸಾಲದು. ಆಕೆ ಕುರ್ಚಿಯಿಂದ ಎದ್ದು, ಸೆರಗು ಸರಿ ಮಾಡಿಕೊಂಡು, ಎಲ್ಲಿ ಕಣ್ಣಿಡಬೇಕು ಅಂತ ಹುಡುಕುವಷ್ಟರಲ್ಲೇ ಎರಡು ನಿಮಿಷ ಮುಗಿದಿರುತ್ತದೆ.

ಹೀಗಾಗಿ ಈ ಬರಹ ಬ್ಯಾಟರಿಯ ಬಗ್ಗೆ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಟೆಲಿಸ್ಕೋಪ್ ಮಾತ್ರ ವಿಜಯಪುರದ ಮನೆಯಲ್ಲೇ ಇದೆ. ಬಾಡಿಗೆ ಮನೆಯ ಟೆರೇಸಿನಿಂದ ಚಂದ್ರ ಮತ್ತು ಒಂದೆರಡು ಗ್ರಹ ಬಿಟ್ಟರೆ ಹೆಚ್ಚೇನೂ ಕಾಣೋದಿಲ್ಲ. ಅದೂ ಅಲ್ಲದೆ ಮೌಂಟ್‌ನ ತಲೆ 10 ಕೆಜಿ, ಕಾಲುಗಳು 5 ಕೆಜಿಗೂ ಹೆಚ್ಚು, ತೂಕ ಸರಿದೂಗಿಸುವ ಕಬ್ಬಿಣದ ಗುಂಡುಗಳು ಬೇರೆ. ಇಷ್ಟನ್ನು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಸಲ ಹೊತ್ತು ತಿರುಗಿದರೆ ಬೆನ್ನು ಉಳಿಯುವುದಿಲ್ಲ. ಕಳೆದ ಡಿಸೆಂಬರ್ 19ರ ಶುಕ್ರವಾರ ಎಳ್ಳಮಾವಾಸ್ಯೆ ಇತ್ತು. ಅದಕ್ಕೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದೆ. ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು ಎಲ್ಲ ಹೊಲಕ್ಕೂ ಉಣ್ಣಿಸಿ ನಾವೂ ಉಂಡು ಬರುವುದು. ವರ್ಷದಲ್ಲಿ ಇಡೀ ಮನೆತನ ಒಂದೇ ಹೊಲದಲ್ಲಿ ಸೇರುವುದು ಅವತ್ತು ಮಾತ್ರ. ಅವತ್ತೇ ಅಮಾವಾಸ್ಯೆ, ಅಂದರೆ ರಾತ್ರಿ ಚಂದ್ರನ ಕಾಟ ಇಲ್ಲ. ನಕ್ಷತ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಕ್ಯಾಲೆಂಡರಿನಲ್ಲೇ ಇಲ್ಲ ಅಂತ ನನ್ನ ಅಭಿಪ್ರಾಯ.

ಹೊಲ ಇರುವುದು ತಿಕೋಟಾ ಹತ್ತಿರ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು. ಅಲ್ಲಿ ತೋಟಕ್ಕೆ ತ್ರೀ ಫೇಸ್ ಕರೆಂಟ್ ಪಾಳಿ ಮೇಲೆ ಬರುತ್ತದೆ, ಮತ್ತು ದ್ರಾಕ್ಷಿ ಬಳ್ಳಿಗಳ ನಡುವೆ 200 ಮೀಟರ್ ವೈರ್ ಎಳೆಯುವ ಮಾತೇ ಇಲ್ಲ. ಆದ್ದರಿಂದ ಕರೆಂಟನ್ನು ಡಬ್ಬಿಯಲ್ಲೇ ಒಯ್ಯಬೇಕು.

ಮೊದಲ ಯೋಚನೆ ಎಲ್ಲರಿಗೂ ಪವರ್ ಬ್ಯಾಂಕೇ. 20,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತದಲ್ಲ! ಆದರೆ ಆ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ. ಗುಣಿಸಿದರೆ 74 ವ್ಯಾಟ್-ಅವರ್. ಅದನ್ನು 12 ವೋಲ್ಟಿಗೆ ಏರಿಸುವಾಗ ಇನ್ನಷ್ಟು ಸೋರಿಹೋಗುತ್ತದೆ. ಯುಎಸ್‌ಬಿ ಪವರ್ ಡೆಲಿವರಿಯಲ್ಲಿ 5, 9, 15, 20 ವೋಲ್ಟಿನ ಮೆಟ್ಟಿಲುಗಳು ಮುಖ್ಯ, 12 ವೋಲ್ಟ್ ಕೊಡಲೇಬೇಕು ಅಂತ ಕಡ್ಡಾಯ ಇಲ್ಲ. ಕೆಲವು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕಡಿಮೆ ಕರೆಂಟ್ ಎಳೆಯುವ ಸಾಮಾನು ಜೋಡಿಸಿದರೆ "ಫೋನ್ ಚಾರ್ಜ್ ಆಗಿ ಮುಗಿದಿರಬೇಕು" ಅಂದುಕೊಂಡು ತಾನೇ ಆಫ್ ಆಗುವ ಜಾಣತನವೂ ಕೆಲವಕ್ಕಿದೆ. ಫೋನಿಗೆ ಅದು ಒಳ್ಳೆಯ ಗುಣವೇ. ಶನಿಗೆ ಅಲ್ಲ.

ನೀವು ಬ್ಯಾಟರಿ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಅಂಗಡಿಯಲ್ಲಿ ಇಲ್ಲ, ನಿಮ್ಮ ಮನೆಯ ಟೇಬಲ್ ಮೇಲಿದೆ. ಒಂದು ಸಣ್ಣ ಡಿಜಿಟಲ್ ವ್ಯಾಟ್ ಮೀಟರನ್ನು ಮಧ್ಯೆ ಜೋಡಿಸಿ ಮೌಂಟ್ ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ನೋಡಿ. ನನ್ನದು ಮಧ್ಯಮ ಗಾತ್ರದ್ದು, 11ರಿಂದ 16 ವೋಲ್ಟ್ ಕೊಡಿ ಅಂತ ಕೇಳುತ್ತದೆ. ಸುಮ್ಮನೆ ಒಂದು ಗ್ರಹವನ್ನು ಹಿಂಬಾಲಿಸುವಾಗ 0.6 ಆಂಪಿಯರ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ವೇಗವಾಗಿ ತಿರುಗುವಾಗ 1.8. ವೇಗದ ತಿರುಗಾಟ ಇಡೀ ರಾತ್ರಿಯಲ್ಲಿ ಹತ್ತು ನಿಮಿಷ ಇದ್ದರೆ ಹೆಚ್ಚು. ಆರು ಗಂಟೆಗೆ ಸುಮಾರು 4 ಆಂಪಿಯರ್-ಅವರ್, 50 ವ್ಯಾಟ್-ಅವರ್ ಹತ್ತಿರ. ಇದು ನೋಡಲು ಬಹಳ ಕಡಿಮೆ. ಆದರೂ ಜನರ ಮೌಂಟ್‌ಗಳು ನಡುರಾತ್ರಿ ನಿಲ್ಲುವುದು ಯಾಕೆ ಅಂದರೆ, ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅನ್ನುವುದಕ್ಕಿಂತ ಆ 1.8 ಆಂಪಿಯರ್ ಎಳೆದ ಕ್ಷಣಕ್ಕೆ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಅನ್ನುವುದು ಮುಖ್ಯ. 11ರ ಕೆಳಗೆ ಹೋಯಿತೋ, ನನ್ನ ಮೌಂಟ್‌ನ ಕೆಂಪು ದೀಪ ಮಿಣುಕಲು ಶುರು. ಇನ್ನೂ ಕುಸಿದರೆ ಕೈಯಲ್ಲಿರುವ ಕಂಟ್ರೋಲರ್ ಆಫ್ ಆಗಿ ಆನ್ ಆಗುತ್ತದೆ. ಧ್ರುವನಿಂದ ಹಿಡಿದು ಮಾಡಿದ ಜೋಡಣೆಯೆಲ್ಲ ಮರೆತು, ಮತ್ತೆ ಮೊದಲಿನಿಂದ ದಿನಾಂಕ ಕೇಳುತ್ತದೆ.

ವಿಜಯಪುರದ ಗಾಂಧಿ ಚೌಕ್ ಆಸುಪಾಸಿನ ಒಂದು ಬ್ಯಾಟರಿ ಅಂಗಡಿಗೆ ಹೋದೆ. ಯುಪಿಎಸ್, ಬೈಕು, ಇನ್ವರ್ಟರ್, ಎಲ್ಲದರ ಬ್ಯಾಟರಿ ಗೋಡೆಗೆ ಹೊಂದಿಸಿ ಇಟ್ಟಿದ್ದರು. ನಾನು ಟೆಲಿಸ್ಕೋಪ್ ಅಂದೆ. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೋಟರ್ ಎಷ್ಟು ವೋಲ್ಟಿಂದ್ರಿ ಅಕ್ಕಾರ?" ಅಂತ ಕೇಳಿದರು. ಹನ್ನೆರಡು ಅಂದೆ. "ಎಷ್ಟು ಎಳಿತೈತಿ?" ಹೇಳಿದೆ. "ಹಂಗಾರ ಇದು ಎಣ್ಣಿ ಹೊಡಿಯೂ ಪಂಪಿನ ಲೆಕ್ಕ ಆತಲ್ರಿ" ಅಂದರು.

ಎಷ್ಟು ಸರಳ! ಔಷಧ ಸಿಂಪಡಿಸಲು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಪಂಪು ನಮ್ಮ ಸೀಮೆಯ ಎಲ್ಲ ರೈತರ ಮನೆಯಲ್ಲೂ ಒಂದಾದರೂ ಇರುತ್ತದೆ. ಅದರ ಹೊಟ್ಟೆಯಲ್ಲಿ ಇರುವುದು 12 ವೋಲ್ಟಿನ, 8 ಅಥವಾ 12 ಆಂಪಿಯರ್-ಅವರ್ ಬ್ಯಾಟರಿ. ಬಯಲಲ್ಲಿ, ಬಿಸಿಲಲ್ಲಿ, ಧೂಳಲ್ಲಿ ಒಂದು ಸಣ್ಣ ಮೋಟರನ್ನು ಗಂಟೆಗಟ್ಟಲೆ ತಿರುಗಿಸುವ ಕೆಲಸ. ಮೌಂಟ್ ಕೇಳುವುದೂ ಅದನ್ನೇ. ವಿದೇಶದ ಟೆಲಿಸ್ಕೋಪ್ ಕಂಪನಿಗಳು ಚಂದದ ಹಿಡಿಕೆ, ಕೆಂಪು ಟಾರ್ಚ್ ಜೋಡಿಸಿ ಪವರ್ ಟ್ಯಾಂಕ್ ಅಂತ ಮಾರುವುದರ ಒಳಗೂ ಇದೇ ಜಾತಿಯ ಸಾಮಾನು.

ಈ ಪಂಪಿನ ಬ್ಯಾಟರಿಯಲ್ಲಿ ಈಗ ಎರಡು ಬಗೆ ಸಿಗುತ್ತವೆ. ಹಳೆಯ ಸೀಸದ ಬ್ಯಾಟರಿ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ. 7 ಆಂಪಿಯರ್-ಅವರ್ ಅಂತ ಬರೆದಿದ್ದರೆ ಮೂರೂವರೆ ಮಾತ್ರ ನಿಮ್ಮದು ಅಂದುಕೊಳ್ಳಿ. ವೋಲ್ಟೇಜ್ ಕೂಡ ಇಳಿಜಾರಿನಲ್ಲಿ ಇಳಿಯುತ್ತಲೇ ಇರುತ್ತದೆ. ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. ಒಂದೊಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿ 12.8. ಇದರ ಗುಣ ಏನೆಂದರೆ ಬಹುಪಾಲು ಖಾಲಿಯಾಗುವವರೆಗೂ 13ರ ಆಸುಪಾಸಲ್ಲೇ ನಿಂತಿರುತ್ತದೆ. ಬೆಲೆ ಸೀಸಕ್ಕಿಂತ ಹಲವು ಪಟ್ಟು, ಆದರೆ ತೂಕ ಅರ್ಧಕ್ಕೂ ಕಡಿಮೆ. ಇಲ್ಲೊಂದು ಎಚ್ಚರಿಕೆ: ಲಿಥಿಯಂ ಅಂದದ್ದೆಲ್ಲ ಎಲ್‌ಎಫ್‌ಪಿ ಅಲ್ಲ. ಮೂರು ಸೆಲ್‌ನ ಮಾಮೂಲಿ ಲಿಥಿಯಂ ಅಯಾನ್ ಡಬ್ಬಿಗಳಿಗೂ 12 ವೋಲ್ಟ್ ಅಂತಲೇ ಚೀಟಿ ಅಂಟಿಸಿರುತ್ತಾರೆ. ಅವು 12.6ರಿಂದ ಶುರುವಾಗಿ 9ರವರೆಗೂ ಇಳಿಯುತ್ತವೆ. ಒಳಗೆ ಚಾರ್ಜ್ ಇರುವಾಗಲೇ ನಿಮ್ಮ ಮೌಂಟ್ ಮುನಿಸಿಕೊಳ್ಳುತ್ತದೆ.

ಎಲ್‌ಎಫ್‌ಪಿಗೂ ಒಂದು ಕೆಟ್ಟ ಬುದ್ಧಿ ಇದೆ, ಅದನ್ನು ಮುಚ್ಚಿಡಬಾರದು. ಸೀಸದ್ದು ಇಳಿಯುತ್ತಾ ಇಳಿಯುತ್ತಾ ಮುನ್ಸೂಚನೆ ಕೊಡುತ್ತದೆ. ಇದು ಕೊಡುವುದಿಲ್ಲ. ಕೊನೆಯವರೆಗೂ ನೆಟ್ಟಗೆ ನಿಂತಿದ್ದು, ಒಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆಗೇ ಕಟ್ ಮಾಡುತ್ತದೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು, ಬಳಸಿದ ಆಂಪಿಯರ್-ಅವರ್ ಎಣಿಸುವ ಮೀಟರ್ ಬೇಕೇ ಬೇಕು.

12 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ ತಗೊಂಡೆ, ಒಂದೂವರೆ ಕೆಜಿ ಹತ್ತಿರ. ಮನೆಗೆ ತಂದು ಮಾಡಿದ ಮೊದಲ ಕೆಲಸ, ಪೂರ್ತಿ ಚಾರ್ಜ್ ಮಾಡಿ 21 ವ್ಯಾಟಿನ ಒಂದು ಕಾರಿನ ಇಂಡಿಕೇಟರ್ ಬಲ್ಬ್ ಹಚ್ಚಿ ಇಟ್ಟಿದ್ದು. ಅದು 13 ವೋಲ್ಟಿಗೆ 1.8 ಆಂಪಿಯರಿಗೆ ತುಸು ಹೆಚ್ಚು ಎಳೆಯುತ್ತದೆ. ಬರೆದಿದ್ದಷ್ಟು ಚಾರ್ಜ್ ನಿಜಕ್ಕೂ ಇದ್ದರೆ ಆರೂವರೆ ಗಂಟೆಯ ಹತ್ತಿರ ಉರಿಯಬೇಕು. ಆರು ಗಂಟೆ ಹತ್ತು ನಿಮಿಷ ಉರಿಯಿತು, ನನಗೆ ಅಷ್ಟು ಸಾಕು. ಮೂರೇ ಗಂಟೆಗೆ ಆರಿದ್ದರೆ ಬಿಲ್ ಸಮೇತ ವಾಪಸ್ ಹೋಗುತ್ತಿದ್ದೆ. ಬಲ್ಬಿನ ಬೆಲೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು.

ಉಳಿದದ್ದು ವೈರು. ಕಾರಿನ ಸಿಗರೇಟ್ ಲೈಟರ್ ಪಿನ್ ಕೊಡುವ ಕೇಬಲ್ ಬಿಸಾಡಿ. ಅದು ಸಡಿಲ, ಕತ್ತಲಲ್ಲಿ ಯಾರದಾದರೂ ಕಾಲು ತಾಗಿದರೆ ಜೋಡಣೆ ಹೋಯಿತು. ಇ-ಬೈಕ್ ರಿಪೇರಿಯವರ ಬಳಿ ಹಳದಿ ಬಣ್ಣದ ಎಕ್ಸ್‌ಟಿ-60 ಕನೆಕ್ಟರ್ ಸಿಗುತ್ತದೆ, ಬಿಗಿಯಾಗಿ ಕೂರುತ್ತದೆ. ವೈರ್ ತೆಳುವಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಮೂರು ಮೀಟರ್ ಉದ್ದದ 0.5 ಚದರ ಮಿಲಿಮೀಟರ್ ವೈರಿನಲ್ಲಿ 3 ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟಿನ ಹತ್ತಿರ ನಷ್ಟ, 1.5ರ ವೈರಿನಲ್ಲಿ ಕಾಲು ವೋಲ್ಟೂ ಇಲ್ಲ. ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇರಲಿ. ಪ್ಲಸ್ ಮೈನಸ್ ಎರಡು ಸಲ ಮೀಟರಿನಲ್ಲಿ ನೋಡಿ, ತಿರುವುಮುರುವಾದರೆ ಮೌಂಟ್‌ನ ಬೋರ್ಡೇ ಸುಡಬಹುದು.

ಇಲ್ಲೊಂದು ಅಡ್ಡ ಮಾತು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರನ್ನು ವಿಜ್ಜಡವಿಡ ಅಂತ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ, ಮಹಾರಾಷ್ಟ್ರದ ಚಾಳೀಸಗಾಂವ ಕಡೆಯ ಊರು ಅಂತ ಇನ್ನು ಕೆಲವರು. ನಾವಂತೂ ಬಿಟ್ಟುಕೊಡುವ ಜನ ಅಲ್ಲ. 36ನೇ ವಯಸ್ಸಿಗೆ ಅವರು ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯ ಇದೆ. ಅದರಲ್ಲಿ ಪಾದರಸ ತುಂಬಿದ ಟೊಳ್ಳು ಅರೆಗಳ, ತಾನೇ ತಿರುಗುತ್ತಾ ಇರುವ ಚಕ್ರವೊಂದರ ವಿವರಣೆ ಬರುತ್ತದೆ. ಹಾಗೆ ಪುಕ್ಕಟೆಯಾಗಿ ತಿರುಗಲು ಭೌತಶಾಸ್ತ್ರ ಬಿಡುವುದಿಲ್ಲ. ಬಿಟ್ಟಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ತಿಕೋಟಾ ದಾಟಿದ ಮೇಲೆ ನೆಲ ಬದಲಾಗುತ್ತದೆ. ಎರಿ ಮಣ್ಣು ತೆಳ್ಳಗಾಗಿ ಗರ್ಸು ಕಾಣಿಸುತ್ತದೆ, ಸಾಲು ಸಾಲು ದ್ರಾಕ್ಷಿ ಪಡಕ, ನಡುನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಡಿಸೆಂಬರಿನಲ್ಲಿ ಶೆಡ್ಡುಗಳು ಖಾಲಿ, ಕಾಯಿ ಇನ್ನೂ ಬಳ್ಳಿಯಲ್ಲಿ. ಬರದ ವರ್ಷಗಳಲ್ಲಿ ಇಲ್ಲಿನವರು ಟ್ಯಾಂಕರ್ ನೀರು ಕೊಂಡು ಹಾಕಿ ಬಳ್ಳಿ ಉಳಿಸಿಕೊಂಡದ್ದನ್ನು ಕಾಕಾ ಈಗಲೂ ಹೇಳುತ್ತಿರುತ್ತಾರೆ. ಟೆಲಿಸ್ಕೋಪಿಗೆ ಈ ಗರ್ಸು ನೆಲ ಬಹಳ ಒಳ್ಳೆಯದು, ಕಾಲು ಕುಸಿಯುವುದಿಲ್ಲ.

ಬ್ಯಾಟರಿ ನೋಡಿ ಕಾಕಾ ನಕ್ಕರು. "ಇಷ್ಟ ಸಣ್ಣದರ್ಲೆ ಏನ್ ಆಕ್ಕೈತವ್ವಾ? ಟ್ರ್ಯಾಕ್ಟರಿಂದು ಬಿಚ್ಚಿ ಕೊಡ್ತೇನಿ ತಗೋ."

ಟ್ರ್ಯಾಕ್ಟರ್ ಬ್ಯಾಟರಿ ಇರುವುದು ಇಂಜಿನ್ ಚಾಲೂ ಮಾಡುವಾಗ ಕೆಲವು ಸೆಕೆಂಡು ಭಾರೀ ಕರೆಂಟ್ ಕೊಡಲು. ರಾತ್ರಿಯಿಡೀ ನಿಧಾನವಾಗಿ ಬರಿದು ಮಾಡಿಸಿಕೊಳ್ಳಲು ಅಲ್ಲ. ಮೇಲಾಗಿ 20 ಕೆಜಿಗೂ ಹೆಚ್ಚು ಭಾರ. ಇಷ್ಟು ಹೇಳಿದ ಮೇಲೆ ಕಾಕಾ ತಾವೇ ಹಿಂದೆ ಸರಿದರು. "ಬ್ಯಾಡ ಬ್ಯಾಡ. ಮುಂಜಾನಿ ಟ್ರ್ಯಾಕ್ಟರ್ ಚಾಲೂ ಆಗ್ಲಿಲ್ಲಂದ್ರ ನಿನ್ನ ಶನಿ ನನ್ನ ಹೆಗಲ ಏರ್ತಾನ."

ಆ ಶನಿಯ ಮಾತು ಆಯಿಯ ಕಿವಿಗೆ ಬಿತ್ತು.

"ಶನಿ ನೋಡ್ತಿಯೇನ ಆಯಿ?" ಅಂತ ಕೇಳಿದೆ.

"ಏ ಹುಚ್ಚಿ, ಶನೀನ ಯಾರರ ಕರದು ನೋಡ್ತಾರನು? ಅವಾ ನಮ್ಮ ಕಡೆ ನೋಡದಿದ್ರ ಸಾಕಂತ ಎಣ್ಣಿ ಹಾಕಿ ಬರ್ತೀವಿ ನಾವು."

"ಅವಾ ನಮ್ಮನ್ನ ನೋಡಾಂಗಿಲ್ಲ, ನಾವು ಅವನ್ನ ನೋಡೂದು."

ಆಯಿ ಬೆರಳೆಣಿಸಿದಳು. "ಇವತ್ತ ಶುಕ್ರವಾರ ಹೌದಲ್ಲೋ? ಹಂಗಾರ ನಡೀತೈತಿ."

ಏಳೂವರೆ ಹೊತ್ತಿಗೆ ಶನಿ ಇನ್ನೂ ಎತ್ತರದಲ್ಲೇ ಇದ್ದ. ಉತ್ತರಕ್ಕೆ ಅಡ್ಡ ಇಲ್ಲದ ಜಾಗ ಹುಡುಕಿ, ಶೆಡ್ಡಿನಿಂದ ದೂರ, ಮೌಂಟ್ ನಿಲ್ಲಿಸಿದ್ದೆ. ಮೊದಲು ಮಕ್ಕಳು, ಆಮೇಲೆ ಕಾಕು, ಆಮೇಲೆ ದೊಡ್ಡವರ ಸರದಿ. ಕೊನೆಗೆ ಆಯಿ. ಕುರ್ಚಿಯನ್ನು ಐಪೀಸಿನ ಮುಂದೆಯೇ ಇಟ್ಟೆವು. ಕಣ್ಣು ಸರಿಯಾಗಿ ಕೂರಲು ಎಷ್ಟೋ ಹೊತ್ತು ಬೇಕಾಯಿತು. "ಕಾಣವಲ್ದು" ಅಂದಳು, ಮತ್ತೆ "ಕಾಣವಲ್ದು" ಅಂದಳು. ಮೋಟರ್ ಕಿರ್ ಅನ್ನುತ್ತಾ ತನ್ನ ಪಾಡಿಗೆ ತಿರುಗುತ್ತಿತ್ತು, ಮೀಟರಿನಲ್ಲಿ 13.1 ವೋಲ್ಟ್. ನಾಲ್ಕನೇ ನಿಮಿಷವೋ ಐದನೆಯದೋ, ಆಯಿ ಸುಮ್ಮನಾದಳು.

2025ರಲ್ಲಿ ಶನಿಯ ಬಳೆಗಳು ನಮ್ಮ ಕಡೆಗೆ ಅಂಚು ತೋರಿಸುತ್ತಿದ್ದವು. ಪುಸ್ತಕದ ಚಿತ್ರದಲ್ಲಿ ಇರುವಂತೆ ಅಗಲವಾಗಿ ಕಾಣುತ್ತಿರಲಿಲ್ಲ, ಬರೀ ಒಂದು ಗೆರೆ. ನನಗೆ ಸ್ವಲ್ಪ ನಿರಾಸೆಯೇ ಆಗಿತ್ತು.

"ಮುತ್ತಿಗೆ ಸೂಜಿ ಚುಚ್ಚಿದಂಗ ಐತಿ" ಅಂದಳು ಆಯಿ. ಕಣ್ಣು ತೆಗೆಯಲಿಲ್ಲ. ಹಿಂದೆ ಮಕ್ಕಳು ಎರಡನೇ ಸರದಿಗೆ ಗಲಾಟೆ ಶುರು ಮಾಡಿದರು. ಯಾರೂ ಆಕೆಯನ್ನು ಎಬ್ಬಿಸಲಿಲ್ಲ.

ಅವತ್ತು ಐದು ಗಂಟೆಯಲ್ಲಿ ಖರ್ಚಾದದ್ದು 3.3 ಆಂಪಿಯರ್-ಅವರ್ ಮಾತ್ರ. ಇಷ್ಟಕ್ಕೆ ಸೀಸದ 7ರ ಬ್ಯಾಟರಿಯೇ ಸಾಕಿತ್ತಲ್ಲ ಅಂತ ನೀವು ಕೇಳಬಹುದು. ಆ ರಾತ್ರಿಗೆ, ಆ ಜಾಗಕ್ಕೆ ಅದು ಹೇಗೋ ಸಾಕಾಗುತ್ತಿತ್ತು. 12ರದ್ದು ಯಾಕೆ ಅನ್ನುವುದು ಮರುದಿನ ಬಬಲೇಶ್ವರದಲ್ಲಿ ಗೊತ್ತಾಯಿತು.

ಬಬಲೇಶ್ವರ ವಿಜಯಪುರದಿಂದ ಜಮಖಂಡಿ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರು. ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ಹೊಳೆ ಸಿಗುತ್ತದೆ. ಆ ಸಾಲಿನ ಎರಿ ಹೊಲಗಳ ಬಿಳಿಜೋಳ ಗೊತ್ತಲ್ಲ, ಈ ಹೊತ್ತಿಗೆ ಎದೆ ಮಟ್ಟ ಬೆಳೆದಿರುತ್ತದೆ. ಅತ್ತಿಯ ಹೊಲ ಇರುವುದು ಊರಾಚೆ, ನೀರು ತುಂಬಿದ ಕೆರೆಯೊಂದರ ಮಗ್ಗುಲಲ್ಲಿ. ಈ ತಾಲೂಕಿಗೆ ಕೆರೆ ಹೊಸದಲ್ಲ, ಮಮದಾಪುರದ ದೊಡ್ಡ ಕೆರೆಗಳು ಆದಿಲ್‌ಶಾಹಿ ಕಾಲದವು. ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ, ಕಾಲುವೆಗಳಿಗೆ ಬರುತ್ತಿದೆ. ನೀರು ಬಂದಲ್ಲಿ ಬೆಳೆ ಬಂತು, ಮತ್ತು ನಮ್ಮಂಥವರ ಪಾಲಿಗೆ ರಾತ್ರಿ ಇಬ್ಬನಿಯೂ ಬಂತು. ತಿಕೋಟಾದ ಒಣ ಗಾಳಿಯಲ್ಲಿ ಗಾಜು ಮಧ್ಯರಾತ್ರಿಯವರೆಗೂ ಒಣಗಿಯೇ ಇತ್ತು. ಇಲ್ಲಿ ಒಂಬತ್ತಕ್ಕೇ ಮಂಜು ಹಿಡಿಯಿತು.

ಅದಕ್ಕೆ ಗಾಜಿನ ಸುತ್ತ ಬೆಚ್ಚಗಿನ ಪಟ್ಟಿ ಸುತ್ತುತ್ತಾರೆ, ಡ್ಯೂ ಹೀಟರ್. ನನ್ನದು 0.8 ಆಂಪಿಯರ್, ಅಂದರೆ ಮೌಂಟಿಗಿಂತ ಇದೇ ಹೆಚ್ಚು ತಿನ್ನುತ್ತದೆ. ಏಳು ಗಂಟೆ ಮೌಂಟ್, ಆರು ಗಂಟೆ ಪಟ್ಟಿ, ಒಂದಿಷ್ಟು ತಿರುಗಾಟ. ಕೊನೆಗೆ ಮೀಟರ್ ತೋರಿಸಿದ್ದು 9.4. ಮೌಂಟಿನ ಮೇಲಿನ ಚೀಟಿ ಓದಿ ಬ್ಯಾಟರಿ ಆರಿಸುವವರು ಮರೆಯುವುದು ಇದನ್ನೇ. ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಲೆಕ್ಕದಲ್ಲಿ ಸೇರಬೇಕು. ನೆಲವೂ ಹಾಗೇ, ಎರಿ ಮಣ್ಣಿನಲ್ಲಿ ಮೌಂಟ್‌ನ ಕಾಲು ಮೆಲ್ಲಗೆ ಇಳಿಯುತ್ತದೆ. ಮೂರು ಕಾಲಿಗೂ ಪರಸಿ ಕಲ್ಲಿನ ತುಂಡು ಕೊಟ್ಟೆವು.

ಅತ್ತಿಯ ಪಕ್ಕದ ಹೊಲದವರೊಬ್ಬರು ತಮ್ಮ ಕಾರಿನಿಂದಲೇ ಕರೆಂಟ್ ಕೊಡಲು ಬಂದಿದ್ದರು, ಬಹಳ ಪ್ರೀತಿಯಿಂದ. ಬೇಡ ಅಂದೆ. ರಾತ್ರಿ ಎರಡಕ್ಕೆ ಎರಿ ಹೊಲದ ದಾರಿಯಲ್ಲಿ ಕಾರು ತಳ್ಳುವ ಕಷ್ಟ ಯಾರಿಗೂ ಬೇಡ.

ಆ ರಾತ್ರಿ ಗುರು ಮತ್ತು ಅವನ ನಾಲ್ಕು ಚಂದ್ರರನ್ನು ನೋಡಿದೆವು, ನಡುರಾತ್ರಿ ಮೃಗಶಿರದ ಕೆಳಗಿನ ಓರಾಯನ್ ನೆಬ್ಯುಲಾದ ಬೂದಿಬಣ್ಣದ ಮಬ್ಬನ್ನೂ. ಒಂದು ಗಂಟೆ ಹೊತ್ತಿಗೆ ದಕ್ಷಿಣದಲ್ಲಿ ಅಗಸ್ತ್ಯ ತನ್ನ ಪೂರ್ತಿ ಎತ್ತರಕ್ಕೆ ಬಂದಿದ್ದ, ದಿಗಂತದಿಂದ 20 ಡಿಗ್ರಿ. ಅವನ ಕೆಳಗೆ ಕೃಷ್ಣಾ ದಂಡೆಯ ಸಕ್ಕರೆ ಕಾರ್ಖಾನೆಗಳ ಕಡೆಯಿಂದ ಕಿತ್ತಳೆ ಬೆಳಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಆ ದಿಕ್ಕು ಪೂರ್ತಿ ಕತ್ತಲಾಗುವುದೇ ಇಲ್ಲ. ದಕ್ಷಿಣದ ಆಕಾಶ ಚೆನ್ನಾಗಿ ಬೇಕೆನ್ನುವವರು ಹಂಗಾಮು ಮುಗಿದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ ಬರುವುದು ಒಳ್ಳೆಯದು. ಆಗ ಹಗಲು 40 ಡಿಗ್ರಿ ದಾಟುತ್ತದೆ, ಬ್ಯಾಟರಿಯನ್ನು ಮಾತ್ರ ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಚಳಿ ದೇಶದವರಿಗೆ ಸೊನ್ನೆಗಿಂತ ಕೆಳಗೆ ಎಲ್‌ಎಫ್‌ಪಿ ಚಾರ್ಜ್ ಮಾಡಬಾರದು ಅನ್ನುವ ಚಿಂತೆ. ನಮ್ಮ ಚಿಂತೆ ಬಿಸಿಲಿನದು.

ಬೆಂಗಳೂರಿಗೆ ಹೊರಡುವ ಮುಂಚೆ ಬ್ಯಾಟರಿಯನ್ನು ಕಾಕಾನ ಹತ್ತಿರ ಬಿಟ್ಟು ಬಂದೆ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುವುದಕ್ಕಿಂತ ಅವರ ಪಂಪಿನಲ್ಲಿ ಕೆಲಸ ಮಾಡಲಿ ಅಂತ. ಒಂದೇ ಶರತ್ತು, ಹಳೇ ಸೀಸದ ಬ್ಯಾಟರಿಯ ಚಾರ್ಜರ್ ಇದಕ್ಕೆ ಹಚ್ಚಕೂಡದು, ಇದರದೇ 14.6 ವೋಲ್ಟಿನ ಚಾರ್ಜರ್ ಬೇಕು. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ ಕೊಟ್ಟೆ. ಕಳೆದ ವಾರ ಕಾಕಾ ಫೋನ್ ಮಾಡಿದ್ದರು.

"ನಿನ್ನ ಬ್ಯಾಟರಿ ಚಲೋ ಐತಿ ಬಿಡವ್ವಾ, ಕಡೀ ಟಾಕಿ ತನಕಾ ಅದ ಫೋರ್ಸ್ ಬರ್ತೈತಿ" ಅಂದರು. ಆಮೇಲೆ ಫೋನು ಆಯಿಯ ಕೈಗೆ ಹೋಯಿತು. ಆಯಿ ಕೇಳಿದ್ದು ಒಂದೇ. ಆ ಸೂಜಿ ಇನ್ನೂ ಹಂಗ ಐತೋ, ದಪ್ಪ ಆಗೈತೋ?